ಹೃದಯದ ಮಾತ್ರೆ ಮತ್ತು ದೇಹದ ಲವಣಗಳು



ಹಲವು ವರ್ಷಗಳ ಹಿಂದಿನ ಮಾತು. ಆಷಾಢದ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಶಂಕರನಾರಾಯಣದ ನನ್ನ ಚಿಕಿತ್ಸಾಲಯಕ್ಕೆ ಎಪ್ಪತ್ತು ದಾಟಿದ ಅಡಿಕೆ ಕೃಷಿಕರೊಬ್ಬರನ್ನು ಅವರ ಮಗ ಕರೆತಂದರು. ನಾಲ್ಕು ದಿನಗಳಿಂದ ಊಟ ಸೇರದು, ವಾಕರಿಕೆ, ಎದ್ದು ಓಡಾಡಲಾಗದ ನಿಶ್ಶಕ್ತಿ. "ಪಿತ್ತ ಏರಿತ್ ಕಾಣಿ ಡಾಕ್ಟ್ರೇ, ಒಂದ್ ಭೇದಿ ಮದ್ದ್ ಕೊಡಿ" ಎಂದು ಹಿರಿಯರು ಕೇಳಿಕೊಂಡರು. ನಾಡಿ ನೋಡಿದೆ. ನಿಮಿಷಕ್ಕೆ 46 ಬಡಿತ. ಅದೂ ಲಯ ತಪ್ಪಿದ ಬಡಿತ. ದೇವರ ಮುಂದಿನ ದೀಪದ ಸುತ್ತ ಹಳದಿ ಬಳೆಯೊಂದು ಕಾಣುತ್ತಿದೆ ಎಂದು ಅವರು ಮಾತಿನ ನಡುವೆ ಹೇಳಿದಾಗ ನನಗೆ ಸಂಶಯ ಬಂದಿತು. ಮನೆಯಲ್ಲಿ ಸೇವಿಸುತ್ತಿದ್ದ ಔಷಧಗಳನ್ನೆಲ್ಲ ತರಿಸಿ ನೋಡಿದೆ. ಹೃದಯಕ್ಕೆಂದು ಡಿಜಾಕ್ಸಿನ್, ಕಾಲಿನ ಬಾವಿಗೆಂದು 'ನೀರಿನ ಮಾತ್ರೆ' ಎನಿಸಿಕೊಳ್ಳುವ ಫ್ಯೂರೋಸೆಮೈಡ್. ಇವೆರಡರ ಜೊತೆಗೆ ಮೂರು ವಾರಗಳಿಂದ ಒಣಕೆಮ್ಮಿಗೆ ಯಷ್ಟಿಮಧುವಿನ ಕಷಾಯ. ಆ ಕಷಾಯವನ್ನು ಬರೆದುಕೊಟ್ಟವನು ನಾನೇ. ಬೇರೆ ಯಾವ ಔಷಧ ಸೇವಿಸುತ್ತಿದ್ದೀರಿ ಎಂದು ಅಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಕೂಡಲೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಲವಣವು ಅಪಾಯದ ಮಟ್ಟಕ್ಕೆ ಇಳಿದಿತ್ತು. ಡಿಜಾಕ್ಸಿನ್ ನಿಲ್ಲಿಸಿ, ಪೊಟ್ಯಾಸಿಯಂ ತುಂಬಿದ ಮೇಲೆ ಚೇತರಿಸಿಕೊಂಡು ವಾರದಲ್ಲಿ ಮನೆಗೆ ಮರಳಿದರು. ಅಂದು ಅವರು ಕೇಳಿದ ಭೇದಿ ಮದ್ದನ್ನು ಕೊಟ್ಟಿದ್ದರೆ ಉಳಿದಿದ್ದ ಪೊಟ್ಯಾಸಿಯಂ ಕೂಡ ಹೊರಗೆ ಹೋಗಿ ಏನಾಗುತ್ತಿತ್ತೋ ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ನಡುಗುತ್ತದೆ.

ಡಿಜಾಕ್ಸಿನ್ ಸೇವಿಸುವ ಹಿರಿಯರು ನಮ್ಮ ಭಕ್ತಸಮೂಹದಲ್ಲಿ ಅನೇಕರಿದ್ದಾರೆ. ಈ ಮಾತ್ರೆ ಹೃದಯಕ್ಕೆ ಬಲವನ್ನು ಹೇಗೆ ಕೊಡುತ್ತದೆ, ಹೃದಯದ ಶಕ್ತಿಗೂ ದೇಹದ ಲವಣಗಳಿಗೂ ಇರುವ ಸಂಬಂಧವೇನು, ನಮ್ಮ ಊಟವೂ ನಮ್ಮ ಮನೆಮದ್ದೂ ಅದರಲ್ಲಿ ಹೇಗೆ ಕೈ ಹಾಕುತ್ತವೆ ಎಂಬುದನ್ನು ತಿಳಿದಿರುವುದು ಅಗತ್ಯ.

ಹೃದಯದ ಕಾಯಕ, ಅದರ ಇಂಧನ

'ಹೃದಯ ವೈಫಲ್ಯ' ಎಂದೊಡನೆ ಹೃದಯ ನಿಂತುಹೋಗುವುದೆಂದು ಅನೇಕರು ಭಯಪಡುತ್ತಾರೆ. ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ದೂಡುವ ಸಾಮರ್ಥ್ಯ ಹೃದಯದಲ್ಲಿ ಕುಂದಿರುವ ಸ್ಥಿತಿಗೆ ಈ ಹೆಸರು. ಮೆಟ್ಟಿಲು ಹತ್ತುವಾಗ ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು, ಸಂಜೆಗೆ ಕಾಲು ಬಾಯುವುದು, ಇವು ಅದರ ಲಕ್ಷಣಗಳು. ನಮ್ಮ ಶಾಸ್ತ್ರಗಳು ಹೃದ್ರೋಗ ಮತ್ತು ಶೋಥ ಪ್ರಕರಣಗಳಲ್ಲಿ ಇಂತಹ ಲಕ್ಷಣಗಳನ್ನು ವಿವರಿಸಿವೆ.

ಹೃದಯದ ತೂಕ ಸುಮಾರು 300 ಗ್ರಾಂ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಈ ಪುಟ್ಟ ಅವಯವಕ್ಕೆ ವಿಶ್ರಾಂತಿ ಎಂಬುದು ಎರಡು ಬಡಿತಗಳ ನಡುವಿನ ಅವಕಾಶ ಮಾತ್ರ. ಕೊಬ್ಬಿನ ಆಮ್ಲ ಮತ್ತು ಸಕ್ಕರೆಯನ್ನು ಆಮ್ಲಜನಕದೊಡನೆ ದಹಿಸಿ, ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು 'ಎ.ಟಿ.ಪಿ.' ಎಂಬ ಶಕ್ತಿದ್ರವ್ಯವನ್ನು ತಯಾರಿಸುತ್ತವೆ. ಇದನ್ನು ಶಕ್ತಿಯ ನಾಣ್ಯ ಎನ್ನಬಹುದು. ಹೃದಯ ಒಂದು ದಿನದಲ್ಲಿ ಮಾಡಿ ಖರ್ಚು ಮಾಡುವ ಎ.ಟಿ.ಪಿ. ಸುಮಾರು 6 ಕಿಲೋ, ಅಂದರೆ ತನ್ನ ತೂಕದ ಇಪ್ಪತ್ತು ಪಟ್ಟು. ಆದರೆ ಕೈಯಲ್ಲಿರುವ ಉಳಿತಾಯ ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ದುಡಿದುದನ್ನು ಆಗಲೇ ಉಣ್ಣುವ ಕೂಲಿಕಾರನ ಸಂಸಾರದಂತೆ ಹೃದಯದ ಬದುಕು.

ಈ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಸ್ನಾಯು ಸಂಕುಚಿಸುವುದಕ್ಕೆ ಖರ್ಚಾಗುತ್ತದೆ. ಉಳಿದುದರಲ್ಲಿ ಹೆಚ್ಚಿನದು ಲವಣಗಳನ್ನು ಕೋಶದ ಒಳಗೂ ಹೊರಗೂ ಸಾಗಿಸುವ ಪಂಪುಗಳಿಗೆ ಸಲ್ಲುತ್ತದೆ. ಹೃದಯ ವೈಫಲ್ಯ ಮುಂದುವರಿದಾಗ ಕೋಶದಲ್ಲಿನ ಎ.ಟಿ.ಪಿ. ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಬಹುದು. ಅಂತಹ ಹೃದಯವನ್ನು ಹುರಿದುಂಬಿಸಿ ದುಡಿಸುವ ಔಷಧಗಳೂ ಬಂದುಹೋದವು. ಮಿಲ್ರಿನೋನ್ ಎಂಬ ಅಂತಹ ಔಷಧವನ್ನು ಬಾಯಿಯ ಮೂಲಕ ದೀರ್ಘಕಾಲ ಕೊಟ್ಟಾಗ ಸಾವುಗಳು ಹೆಚ್ಚಾದವೆಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ದಣಿದ ಎತ್ತಿಗೆ ಬಾರುಕೋಲು ಬೀಸಿದರೆ ನಾಲ್ಕು ಹೆಜ್ಜೆ ಓಡೀತು, ಆಮೇಲೆ ಕುಸಿಯುತ್ತದೆ.

ಕೋಶದ ಬಾಗಿಲಲ್ಲಿ ಒಂದು ಪಂಪು

ಕುಂದಾಪುರದ ಕಡೆಯ ಹೊಳೆಬದಿಯ ಗದ್ದೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಭರತದ ಹೊತ್ತಿಗೆ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಮೇಲೇರಿ ಬರುತ್ತದೆ. ಅದು ಗದ್ದೆಗೆ ನುಗ್ಗದಂತೆ ದಂಡೆ ಕಟ್ಟಿ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಕಾಯುತ್ತೇವೆ. ಜೀವಕೋಶವೂ ಇಂತಹುದೇ ಒಂದು ಗದ್ದೆ. ಅದರ ಹೊರಗಿನ ದ್ರವದಲ್ಲಿ ಅಡುಗೆ ಉಪ್ಪಿನ ಸೋಡಿಯಂ ಹೇರಳ, ಒಳಗೆ ಅತಿ ಕಡಿಮೆ. ಪೊಟ್ಯಾಸಿಯಂ ಇದಕ್ಕೆ ತಿರುಗು: ಒಳಗೆ ಹೇರಳ, ಹೊರಗೆ ಕಡಿಮೆ. ಪ್ರತಿ ಬಡಿತದಲ್ಲೂ ಸ್ವಲ್ಪ ಸೋಡಿಯಂ ಒಳನುಗ್ಗುತ್ತದೆ. ಅದನ್ನು ಎತ್ತಿ ಹೊರಗೆ ಹಾಕುವ ಪಂಪೊಂದು ಕೋಶದ ಪೊರೆಯಲ್ಲಿದೆ. ಒಂದು ಎ.ಟಿ.ಪಿ. ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಗಟ್ಟಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುವುದು ಅದರ ಕಾಯಕ.

ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ ಈ ಪಂಪನ್ನು ಏಡಿಯ ನರಗಳಲ್ಲಿ ಗುರುತಿಸಿ 1957ರಲ್ಲಿ ಪ್ರಕಟಿಸಿದರು. 1997ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಅವರಿಗೆ ಸಂದಿತು, ಉಳಿದರ್ಧವನ್ನು ಎ.ಟಿ.ಪಿ. ಹೇಗೆ ತಯಾರಾಗುತ್ತದೆ ಎಂಬುದನ್ನು ವಿವರಿಸಿದ ಪಾಲ್ ಬೋಯರ್ ಮತ್ತು ಜಾನ್ ವಾಕರ್ ಹಂಚಿಕೊಂಡರು. ಶಕ್ತಿಯ ಗಳಿಕೆಯನ್ನು ತಿಳಿಸಿದವರಿಗೂ ವೆಚ್ಚವನ್ನು ತಿಳಿಸಿದವರಿಗೂ ಒಂದೇ ವರ್ಷ ಮನ್ನಣೆ ದೊರೆತದ್ದು ಉಚಿತವೇ ಆಗಿದೆ.

ಮಾತ್ರೆ ಮಾಡುವ ಕೆಲಸ

ಡಿಜಾಕ್ಸಿನ್ ಈ ಪಂಪಿಗೆ ಅಂಟಿಕೊಂಡು ಅದನ್ನು ತಡೆಯುತ್ತದೆ. ಹೃದಯಕ್ಕೆ ಬಲ ಕೊಡುವ ಔಷಧ ಹೃದಯದ ಪಂಪನ್ನು ನಿಲ್ಲಿಸುವುದೇ ಎಂದು ಆಶ್ಚರ್ಯವಾಗಬಹುದು. ಎಲ್ಲ ಪಂಪುಗಳನ್ನೂ ಅಲ್ಲ, ಕೆಲವನ್ನು ಮಾತ್ರ ತಡೆದಾಗ ಕೋಶದೊಳಗೆ ಸೋಡಿಯಂ ತುಸು ಏರುತ್ತದೆ. ಸೋಡಿಯಂ ಒಳಬರುವ ರಭಸವನ್ನೇ ಬಳಸಿಕೊಂಡು ಕ್ಯಾಲ್ಸಿಯಂ ಅನ್ನು ಹೊರಗೆ ಕಳುಹಿಸುವ ಮತ್ತೊಂದು ಬಾಗಿಲು ಕೋಶದಲ್ಲಿದೆ. ಒಳಗೆ ಸೋಡಿಯಂ ಏರಿದಾಗ ಆ ರಭಸ ತಗ್ಗಿ, ಕ್ಯಾಲ್ಸಿಯಂ ಹೊರಹೋಗುವುದು ನಿಧಾನವಾಗುತ್ತದೆ. ಹೊರಹೋಗದ ಕ್ಯಾಲ್ಸಿಯಂ ಕೋಶದೊಳಗಿನ ಕಣಜದಲ್ಲಿ ಶೇಖರವಾಗುತ್ತದೆ. ಮುಂದಿನ ಬಡಿತದಲ್ಲಿ ಆ ಕಣಜದಿಂದ ಹೆಚ್ಚು ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯು ಇನ್ನಷ್ಟು ಗಟ್ಟಿಯಾಗಿ ಸಂಕುಚಿಸುತ್ತದೆ. ಈ ಔಷಧ ಕೊಡುವ ಬಲದ ಗುಟ್ಟು ಇದು.

ಹಾಗಾದರೆ ಇದೂ ಬಾರುಕೋಲಿನ ಏಟೇ ಅಲ್ಲವೆ? ಬಲವಾಗಿ ಸಂಕುಚಿಸುವುದಕ್ಕೆ ಶಕ್ತಿ ಹೆಚ್ಚು ಬೇಕು ಎಂಬುದು ನಿಜ. ಆದರೆ ಡಿಜಾಕ್ಸಿನ್ ಇನ್ನೊಂದು ದಾರಿಯಿಂದ ಶಕ್ತಿಯನ್ನು ಉಳಿಸುತ್ತದೆ. ಹೃದಯವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಅದು ಪ್ರಚೋದಿಸುವುದರಿಂದ ವೇಗದ ಬಡಿತ ಇಳಿಯುತ್ತದೆ. ಬಡಿತಗಳ ನಡುವಿನ ವಿರಾಮ ಹೆಚ್ಚಿದಾಗ ಹೃದಯಕ್ಕೇ ರಕ್ತ ಒದಗಿಸುವ ನಾಳಗಳು ತುಂಬಿಕೊಳ್ಳಲು ಸಮಯ ಸಿಗುತ್ತದೆ. ಹಿಗ್ಗಿದ ಹೃದಯ ತುಸು ಕುಗ್ಗಿ ಅದರ ಗೋಡೆಯ ಮೇಲಿನ ಎಳೆತವೂ ತಗ್ಗುತ್ತದೆ. ಖರ್ಚಿನ ಒಂದು ಬಾಬು ಏರಿದರೂ ಎರಡು ಬಾಬು ಇಳಿಯುವುದರಿಂದ ದುರ್ಬಲ ಹೃದಯದ ಒಟ್ಟು ಲೆಕ್ಕ ಸರಿದೂಗುತ್ತದೆ.

ಈ ಲೆಕ್ಕ ಸರಿಯಿರುವುದು ಸಣ್ಣ ಪ್ರಮಾಣದಲ್ಲಿ ಮಾತ್ರ. ಸೋಡಿಯಂ ಮಿತಿಮೀರಿ ಏರಿದರೆ ಅದು ಮೈಟೊಕಾಂಡ್ರಿಯದೊಳಗಿನ ಕ್ಯಾಲ್ಸಿಯಂ ಅನ್ನು ಹೊರಗೆಳೆದು ಶಕ್ತಿಯ ಉತ್ಪಾದನೆಯನ್ನೇ ಕುಂಠಿತಗೊಳಿಸುತ್ತದೆ ಎಂದು ಪ್ರಾಣಿಗಳ ಹೃದಯಕೋಶಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಇತ್ತ ಕಣಜ ತುಂಬಿ ಚೆಲ್ಲಿದ ಕ್ಯಾಲ್ಸಿಯಂ ಅಕಾಲದಲ್ಲಿ ಬಡಿತಗಳನ್ನು ಹುಟ್ಟಿಸಿ ಲಯ ಕೆಡಿಸುತ್ತದೆ. ಆದ್ದರಿಂದ ಈ ಔಷಧದಲ್ಲಿ ಪ್ರಮಾಣ ಹೆಚ್ಚಾದಷ್ಟೂ ಬಲ ಹೆಚ್ಚೆಂಬ ಮಾತೇ ಇಲ್ಲ. ಇಂದು ವೈದ್ಯರು ರಕ್ತದಲ್ಲಿ ಅದರ ಮಟ್ಟವನ್ನು ಒಂದು ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಒಳಗೆ ಇಡಲು ಬಯಸುತ್ತಾರೆ. ವಿಷಲಕ್ಷಣಗಳು ಸಾಮಾನ್ಯವಾಗಿ 2 ದಾಟಿದಾಗ ಕಾಣಿಸಿಕೊಳ್ಳುತ್ತವೆ. ಲವಣಗಳು ಏರುಪೇರಾಗಿದ್ದರೆ ಅದಕ್ಕೂ ಮೊದಲೇ. ಶನಿವಾರ ಭಾನುವಾರ ಬಿಟ್ಟು ವಾರಕ್ಕೆ ಐದೇ ದಿನ ಸೇವಿಸಿರೆಂದು ಕೆಲವು ವೈದ್ಯರು ಹೇಳುವುದು ಔಷಧ ದೇಹದಲ್ಲಿ ಶೇಖರವಾಗದಿರಲಿ ಎಂದೇ.

ಇದರ ಫಲವನ್ನೂ ಉತ್ಪ್ರೇಕ್ಷಿಸಬಾರದು. ಅಮೆರಿಕ ಮತ್ತು ಕೆನಡಾಗಳಲ್ಲಿ 6,800 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಜಾಕ್ಸಿನ್ ಸಾವುಗಳನ್ನು ಕಡಿಮೆ ಮಾಡಲಿಲ್ಲ. ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರುವುದನ್ನು ಮಾತ್ರ ಕಾಲುಭಾಗಕ್ಕೂ ಹೆಚ್ಚು ತಗ್ಗಿಸಿತು. ಆಯುಷ್ಯವನ್ನು ಹೆಚ್ಚಿಸುವ ಬೇರೆ ಔಷಧಗಳು ಈಗ ಮುಖ್ಯಸ್ಥಾನದಲ್ಲಿವೆ. ಡಿಜಾಕ್ಸಿನ್ ಅವುಗಳ ಜೊತೆಗೆ, ವಿಶೇಷವಾಗಿ ನಾಡಿ ಲಯತಪ್ಪಿ ವೇಗವಾಗಿ ಓಡುವ ರೋಗಿಗಳಲ್ಲಿ, ಸಹಾಯಕವಾಗಿ ನಿಲ್ಲುತ್ತದೆ.

ಪೂಜೆಯ ಹೂವಿನಲ್ಲಿಯೂ ಇದೇ ಗುಣ

ಈ ಔಷಧದ ಮೂಲ ಒಂದು ಗಿಡಮೂಲಿಕೆ. ಜಲೋದರಕ್ಕೂ ಬಾವಿಗೂ ಇಂಗ್ಲೆಂಡಿನ ಹಳ್ಳಿಯ ವೃದ್ಧೆಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ, ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳನ್ನು ಬೆರೆಸಿದ ಮದ್ದನ್ನು 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯ ಪರಿಶೀಲಿಸಿದ. ಅದರಲ್ಲಿ ಗುಣ ಕೊಡುವುದು ಫಾಕ್ಸ್‌ಗ್ಲೋವ್ ಗಿಡದ ಎಲೆ ಎಂದು ಕಂಡುಕೊಂಡು, ಹತ್ತು ವರ್ಷ ಪ್ರಯೋಗಿಸಿ, 1785ರಲ್ಲಿ ಗ್ರಂಥ ಬರೆದ. ಅದರ ಕುಲದ ಇನ್ನೊಂದು ಗಿಡದಿಂದ 1930ರಲ್ಲಿ ಡಿಜಾಕ್ಸಿನ್ ಅನ್ನು ಬೇರ್ಪಡಿಸಲಾಯಿತು.

ಫಾಕ್ಸ್‌ಗ್ಲೋವ್ ನಮ್ಮ ಊರಿನ ಗಿಡವಲ್ಲ. ಆದರೆ ಅದೇ ಬಗೆಯ ಗ್ಲೈಕೋಸೈಡ್‌ಗಳು ನಮ್ಮ ಅಂಗಳದಲ್ಲಿಯೇ ಇವೆ. ಶಿವಪೂಜೆಗೆ ನಾವು ಭಕ್ತಿಯಿಂದ ಏರಿಸುವ ಕಣಗಿಲೆಯ ಎಲೆ, ಬೇರು, ಹೂವು ಎಲ್ಲದರಲ್ಲಿಯೂ ಓಲಿಯಾಂಡ್ರಿನ್ ಮೊದಲಾದ ದ್ರವ್ಯಗಳಿದ್ದು, ಅವೂ ಇದೇ ಪಂಪನ್ನು ತಡೆಯುತ್ತವೆ. ಅಮೆರಿಕ ಖಂಡದಿಂದ ಬಂದು ನಮ್ಮ ಬೇಲಿಗಳಲ್ಲಿ ನೆಲೆಸಿದ ಹಳದಿ ಕಣಗಿಲೆಯ ಬೀಜ ಇನ್ನೂ ಘೋರ. ನಮ್ಮ ಆಚಾರ್ಯರು ಇದನ್ನು ಅರಿಯದವರಲ್ಲ. ಕಣಗಿಲೆಗೆ ಕರವೀರವೆಂದೂ, ಕುದುರೆಯನ್ನೇ ಕೊಲ್ಲುವುದೆಂಬ ಅರ್ಥದಲ್ಲಿ ಅಶ್ವಮಾರಕವೆಂದೂ ಹೆಸರಿಟ್ಟರು. ಸುಶ್ರುತರು ಅದನ್ನು ಬೇರಿನ ವಿಷಗಳಲ್ಲಿ ಎಣಿಸಿದರು; ರಸಶಾಸ್ತ್ರವು ಉಪವಿಷಗಳಲ್ಲಿ ಸೇರಿಸಿ, ಹಾಲಿನಲ್ಲಿ ಶೋಧಿಸದೆ ಬಳಸಬಾರದೆಂದು ವಿಧಿಸಿತು. ಶೋಧಿಸಿದರೂ ಅದು ಮನೆಮದ್ದಲ್ಲ.

ಹೂವನ್ನು ಪೂಜೆಗೆ ಏರಿಸುವುದರಿಂದ ಯಾವ ಬಾಧೆಯೂ ಇಲ್ಲ. ಆದರೆ ಅದನ್ನು ತೀರ್ಥದ ಬಟ್ಟಲಿಗೆ ಹಾಕಬಾರದು, ಪ್ರಸಾದದೊಡನೆ ಬೆರೆಸಬಾರದು. ಹೂ ಕೊಯ್ದ ಮೇಲೆ ಕೈ ತೊಳೆಯಬೇಕು. ಹಳದಿ ಕಣಗಿಲೆಯ ಕಾಯಿಯನ್ನು ಮಕ್ಕಳ ಆಟಕ್ಕೆ ಬಿಡಬಾರದು. ಯಾರಾದರೂ ಅರಿಯದೆ ತಿಂದರೆ ಮನೆಯಲ್ಲಿ ಮದ್ದು ಹುಡುಕದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. 'ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ' ಎಂಬ ಮಾತಿಗೆ ಕಣಗಿಲೆಯೊಂದೇ ಸಾಕಷ್ಟು ಉತ್ತರ.

ಮೂರು ಲವಣಗಳ ಲೆಕ್ಕ

ಪೊಟ್ಯಾಸಿಯಂ ಮತ್ತು ಡಿಜಾಕ್ಸಿನ್ ಆ ಪಂಪಿನ ಬಳಿ ಪರಸ್ಪರ ಸ್ಪರ್ಧಿಸುತ್ತವೆ. ಹೊರಗಿನ ಪೊಟ್ಯಾಸಿಯಂ ಸಾಕಷ್ಟಿದ್ದರೆ ಔಷಧ ಮಿತಿಯಲ್ಲಿ ಅಂಟುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಅಷ್ಟೇ ಮಾತ್ರೆ ಹೆಚ್ಚು ಪಂಪುಗಳನ್ನು ಹಿಡಿಯುತ್ತದೆ. ಮಾತ್ರೆಯ ಪ್ರಮಾಣ ಬದಲಾಗದೆಯೂ ಔಷಧ ವಿಷವಾಗುವುದು ಹೀಗೆ. ರಕ್ತದಲ್ಲಿ ಇದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರುವುದು ಸಹಜ. ಡಿಜಾಕ್ಸಿನ್ ಸೇವಿಸುವ ಹೃದ್ರೋಗಿಗಳಲ್ಲಿ 4ಕ್ಕಿಂತ ಇಳಿಯದಿರುವುದು ಒಳಿತು.

ಮೆಗ್ನೀಸಿಯಂ ತೆರೆಮರೆಯ ದುಡಿಮೆಗಾರ. ಎ.ಟಿ.ಪಿ. ಕೆಲಸಕ್ಕೆ ಬರುವುದು ಮೆಗ್ನೀಸಿಯಂ ಜೊತೆಗೂಡಿದಾಗ ಮಾತ್ರ. ಅದು ಕಡಿಮೆಯಾದರೆ ಪಂಪು ಸೊರಗುತ್ತದೆ, ಮೂತ್ರಪಿಂಡದಲ್ಲಿ ಪೊಟ್ಯಾಸಿಯಂ ಸೋರಿಹೋಗುತ್ತದೆ. ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲದಿದ್ದಾಗ ವೈದ್ಯರು ಮೆಗ್ನೀಸಿಯಂ ಪರೀಕ್ಷಿಸುವುದು ಇದಕ್ಕಾಗಿಯೇ. ಕ್ಯಾಲ್ಸಿಯಂ ವಿಚಾರ ಬೇರೆ: ರಕ್ತದಲ್ಲಿ ಅದು ಅತಿಯಾದರೆ ಲಯ ಕೆಡುವ ಭಯ ಹೆಚ್ಚು.

ನೀರಿನ ಮಾತ್ರೆ ಬಾವನ್ನು ಇಳಿಸುವಾಗ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಮೂತ್ರದೊಡನೆ ಒಯ್ಯುತ್ತದೆ. ವಾಂತಿಭೇದಿಯೂ ಹಾಗೆಯೇ. ಇನ್ನು ಡಿಜಾಕ್ಸಿನ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಚೆನ್ನಾಗಿದ್ದರೆ ಅದರ ಅರ್ಧಭಾಗ ಇಳಿಯಲು ಒಂದೂವರೆಯಿಂದ ಎರಡು ದಿನ ಬೇಕು. ಮೂತ್ರಪಿಂಡ ಸೋತವರಲ್ಲಿ ಹಲವು ದಿನಗಳೇ ಬೇಕಾಗುತ್ತವೆ. ವಯೋವೃದ್ಧರಿಗೆ ಕಡಿಮೆ ಪ್ರಮಾಣ ಕೊಡುವುದಕ್ಕೆ ಇದೇ ಕಾರಣ.

ನಮ್ಮ ಊಟ, ನಮ್ಮ ಮದ್ದು

ಕುಚ್ಚಲಕ್ಕಿ ಗಂಜಿ ಹೃದ್ರೋಗಿಗೆ ಹಿತವಾದ ಆಹಾರ; ಅದರ ಜೊತೆಗಿನ ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಹಿತವಲ್ಲ. ಉಪ್ಪು ನೀರನ್ನು ಹಿಡಿದಿಡುತ್ತದೆ, ಬಾವು ಏರುತ್ತದೆ, ನೀರಿನ ಮಾತ್ರೆ ಹೆಚ್ಚಿಸಬೇಕಾಗುತ್ತದೆ, ಪೊಟ್ಯಾಸಿಯಂ ಮತ್ತಷ್ಟು ಸೋರುತ್ತದೆ. ಸೈಂಧವ ಲವಣದಿಂದ ತೊಂದರೆಯಿಲ್ಲವೆಂದು ಅನೇಕರು ನಂಬಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ನಾಲ್ಕಾರು ಲವಣಗಳನ್ನು ಕೂಡಿಸಿದ ಲವಣಭಾಸ್ಕರ ಚೂರ್ಣವನ್ನು ಅಜೀರ್ಣಕ್ಕೆಂದು ನಿತ್ಯ ಸೇವಿಸುವವರು ಇದನ್ನು ಗಮನಿಸಬೇಕು.

ಸೀಯಾಳ, ಬಾಳೆಹಣ್ಣು, ಹರಿವೆ ಮತ್ತು ಬಸಳೆ ಸೊಪ್ಪುಗಳಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿದೆ. ನೀರಿನ ಮಾತ್ರೆ ಸೇವಿಸುವ ಅನೇಕರಿಗೆ ಇವು ಒಳ್ಳೆಯವು. ಎಲ್ಲರಿಗೂ ಅಲ್ಲ! ಸ್ಪೈರೊನೊಲ್ಯಾಕ್ಟೋನ್‌ನಂತಹ, ಪೊಟ್ಯಾಸಿಯಂ ಅನ್ನು ಉಳಿಸುವ ಮಾತ್ರೆ ಸೇವಿಸುವವರೂ ಮೂತ್ರಪಿಂಡದ ತೊಂದರೆಯಿರುವವರೂ ದಿನಕ್ಕೆರಡು ಸೀಯಾಳ ಕುಡಿದರೆ ಪೊಟ್ಯಾಸಿಯಂ ಮಿತಿಮೀರಿ ಹೃದಯವನ್ನೇ ನಿಲ್ಲಿಸಬಹುದು. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡ್ ಎಂಬುದನ್ನೂ, ನಮ್ಮ ಯವಕ್ಷಾರವೂ ಪೊಟ್ಯಾಸಿಯಂ ಪ್ರಧಾನವೆಂಬುದನ್ನೂ ಇಂತಹವರು ಮರೆಯಬಾರದು.

ಇನ್ನು ನಾನು ಎಡವಿದ ಯಷ್ಟಿಮಧು. ಕಂಠಕ್ಕೂ ಕೆಮ್ಮಿಗೂ ಇದು ಉತ್ತಮ ದ್ರವ್ಯ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ಮೂತ್ರಪಿಂಡದಲ್ಲಿ ಸೋಡಿಯಂ ಅನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಗೆ ಬಿಡಿಸುತ್ತದೆ. ವಾರಗಟ್ಟಲೆ ಸೇವಿಸಿದರೆ ಬಾವು ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹೃದಯ ವೈಫಲ್ಯದಲ್ಲಿ ಆಗಬಾರದವು ಈ ಎರಡೇ. ಮಲಬದ್ಧತೆಗೆಂದು ಸೋನಾಮುಖಿಯನ್ನು ನಿತ್ಯ ಸೇವಿಸುವುದೂ ಪೊಟ್ಯಾಸಿಯಂ ಕಳೆಯುವ ದಾರಿಯೇ. ಶಂಖಭಸ್ಮ, ಪ್ರವಾಳಭಸ್ಮಗಳು ಕ್ಯಾಲ್ಸಿಯಂ ದ್ರವ್ಯಗಳು; ಅವನ್ನೂ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ಹೊಳೆಮತ್ತಿಯ ತೊಗಟೆಯ ಕ್ಷೀರಪಾಕ, ಅಂದರೆ ಅರ್ಜುನ, ನಮ್ಮ ಪರಂಪರೆಯ ಹೃದ್ಯ ಔಷಧ. ನಾನೂ ಕೊಡುತ್ತೇನೆ. ಆದರೆ ಅದನ್ನು ನಂಬಿ ಹೃದಯತಜ್ಞರ ಮಾತ್ರೆಯನ್ನು ನಿಲ್ಲಿಸಿರೆಂದು ಯಾರಿಗೂ ಹೇಳುವುದಿಲ್ಲ. ಶೋಧನ ಚಿಕಿತ್ಸೆಗೆ, ಅದರಲ್ಲಿಯೂ ವಮನ ವಿರೇಚನಗಳಿಗೆ, ಡಿಜಾಕ್ಸಿನ್ ಸೇವಿಸುವ ದುರ್ಬಲ ರೋಗಿ ಅರ್ಹನಲ್ಲ.

ಇದು ಗಿಡಮೂಲಿಕೆಗಳ ಮೇಲಿನ ದೂರಲ್ಲ. ಇಂಗ್ಲಿಷ್ ಔಷಧಗಳಲ್ಲಿಯೂ ಕ್ಲಾರಿಥ್ರೊಮೈಸಿನ್, ವೆರಾಪಮಿಲ್, ಅಮಿಯೊಡರೋನ್ ಮೊದಲಾದವು ರಕ್ತದಲ್ಲಿ ಡಿಜಾಕ್ಸಿನ್ ಮಟ್ಟವನ್ನು ಏರಿಸುತ್ತವೆ.

ಗಮನಿಸಬೇಕಾದ ಲಕ್ಷಣಗಳು

ಡಿಜಾಕ್ಸಿನ್ ಸೇವಿಸುವವರಲ್ಲಿ ಕಾರಣವಿಲ್ಲದೆ ಹಸಿವು ಮುಚ್ಚುವುದು, ವಾಕರಿಕೆ, ವಾಂತಿ, ನೋಟ ಹಳದಿ ಅಥವಾ ಹಸಿರಾಗುವುದು, ದೀಪದ ಸುತ್ತ ಬಳೆ ಕಾಣುವುದು, ಹಿರಿಯರಲ್ಲಿ ಹೊಸದಾಗಿ ಬುದ್ಧಿಭ್ರಮೆ, ನಾಡಿ 60ಕ್ಕಿಂತ ಇಳಿಯುವುದು ಅಥವಾ ಲಯ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಬೇಕು. ಕಣ್ಣು ಕತ್ತಲಾಗಿ ಬಿದ್ದರೆ ಅಥವಾ ನಾಡಿ 50ಕ್ಕಿಂತ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪ್ರತಿದಿನ ಬೆಳಿಗ್ಗೆ ಒಂದು ನಿಮಿಷ ನಾಡಿ ಎಣಿಸುವುದನ್ನೂ, ತೂಕ ನೋಡಿ ಬರೆದಿಡುವುದನ್ನೂ ಮನೆಯ ಮಕ್ಕಳು ಮೊಮ್ಮಕ್ಕಳಿಗೆ ಕಲಿಸಬಹುದು. ವೈದ್ಯರು ಹೇಳಿದ ಅವಧಿಗೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬಾರದು. ಮಳೆಗಾಲದ ವಾಂತಿಭೇದಿಯ ದಿನಗಳಲ್ಲಿಯೂ ಬೇಸಗೆಯ ಬೆವರಿನ ದಿನಗಳಲ್ಲಿಯೂ ಎಚ್ಚರ ಇಮ್ಮಡಿಯಾಗಿರಲಿ. ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬಾರದು.

ಅಂದಿನಿಂದ ಇಂದಿನವರೆಗೆ ನನ್ನಲ್ಲಿಗೆ ಬರುವ ಪ್ರತಿಯೊಬ್ಬ ರೋಗಿಯನ್ನೂ ಮೊದಲು ಕೇಳುವ ಪ್ರಶ್ನೆ ಒಂದೇ: "ಬೇರೆ ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ?" ಕೆಲವರು ಸಂಕೋಚದಿಂದ ಮುಚ್ಚಿಡುತ್ತಾರೆ. ಇಂಗ್ಲಿಷ್ ವೈದ್ಯರಲ್ಲಿ ಕಷಾಯದ ಮಾತನ್ನೂ ಆಯುರ್ವೇದ ವೈದ್ಯರಲ್ಲಿ ಮಾತ್ರೆಯ ಮಾತನ್ನೂ ಎತ್ತಿದರೆ ಬೇಸರಿಸಿಯಾರೆಂಬ ಅಂಜಿಕೆ ಅವರಿಗೆ. ಭಕ್ತರು ಆ ಸಂಕೋಚವನ್ನು ಬಿಡಬೇಕು. ಮಾತ್ರೆ, ಕಷಾಯ, ಚೂರ್ಣ, ಭಸ್ಮ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಇಬ್ಬರು ವೈದ್ಯರಿಗೂ ತೋರಿಸಿರಿ. ಕೇಳಲು ವೈದ್ಯ ಮರೆತರೆ, ನಾನು ಅಂದು ಮರೆತಂತೆ, ನೀವೇ ನೆನಪಿಸಿರಿ.